ಇಟಲಿಯ ಕಲಾನಗರಗಳೂ ಗಿರಿಪಟ್ಟಣಗಳೂ

ಇಟಲಿ ದೇಶವನ್ನು ನೋಡಬೇಕೆಂದು ಹೊರಡುವವರ ಮನಸ್ಸಿನಲ್ಲಿ ಮೊದಲು ಮೂಡುವ ಹೆಸರುಗಳು ರೋಮ್ ಮತ್ತು ವೆನಿಸ್. ಒಂದು ಚಕ್ರವರ್ತಿಗಳ ನಗರ; ಇನ್ನೊಂದು ನೀರಿನ ಮೇಲಣ ನಗರ. ಎರಡೂ ನೋಡತಕ್ಕವೇ, ಸಂದೇಹವಿಲ್ಲ. ಆದರೆ ಇವೆರಡರ ನಡುವೆ, ಟಸ್ಕನಿ ಮತ್ತು ಅಂಬ್ರಿಯಾ ಎಂಬ ಪ್ರಾಂತಗಳಲ್ಲಿ, ಫ್ಲಾರೆನ್ಸ್ ಎಂಬ ಮಹಾನಗರವೂ ಅದರ ದಕ್ಷಿಣಕ್ಕೆ ಬೆಟ್ಟಕ್ಕೊಂದರಂತೆ ನೆಲೆಸಿದ ಸಣ್ಣ ಊರುಗಳೂ ಉಂಟು. ಯೂರೋಪಿನ ಚಿತ್ರಕಲೆ ಮತ್ತು ಶಿಲ್ಪಕಲೆಗಳು ಹೊಸ ಜನ್ಮವನ್ನು ತಾಳಿದುದು ಬಹುಮಟ್ಟಿಗೆ ಈ ಸೀಮೆಯಲ್ಲಿ. ಸಮಾನ ಅಭಿರುಚಿಯುಳ್ಳ ಹತ್ತು ಹನ್ನೆರಡು ಮಂದಿ ಕೂಡಿ ಎರಡು ವಾರಗಳ ಮಟ್ಟಿಗೆ ಅಲ್ಲಿ ಸಂಚಾರ ಮಾಡುವುದಾದರೆ ಏನನ್ನು ನೋಡಬೇಕು, ನೋಡಿದುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದನ್ನು ಕುರಿತು ಕೇಳುಗರಿಗೆ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

‘ಕೂಡಿ’ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಕಲೆ ಎಂದೊಡನೆ ನಾವು ಏಕಾಂತದಲ್ಲಿ ಕುಳಿತ ಪ್ರತಿಭಾಶಾಲಿಯೊಬ್ಬನನ್ನು ನೆನೆಯುತ್ತೇವೆ. ಈ ಊರುಗಳಲ್ಲಿ ನಡೆದಾಡಿದವರಿಗೆ ಬೇರೊಂದು ಸತ್ಯ ಗೋಚರವಾಗುತ್ತದೆ. ಇಲ್ಲಿನ ಕೃತಿಗಳಲ್ಲಿ ಹೆಚ್ಚಿನವು ಊರಿನವರು ಸಭೆ ಸೇರಿ, ಚರ್ಚೆ ಮಾಡಿ, ಹಣ ಕೂಡಿಸಿ, ಎಲ್ಲರೂ ನೋಡುವಂತಹ ಸ್ಥಳದಲ್ಲಿ ಮಾಡಿಸಿದಂಥವು. ಕಲಾವಿದನ ಕೈ ಒಂದಾದರೂ ಅದರ ಹಿಂದೆ ಒಂದು ಊರಿನ ಸಂಕಲ್ಪವಿತ್ತು. ಈ ಕೃತಿಗಳನ್ನು ಹುಟ್ಟಿಸಿದುದು ಆ ಸಂಕಲ್ಪ. ಪ್ರವಾಹ, ಭೂಕಂಪ, ಯುದ್ಧಗಳಿಂದ ಉಳಿಸಿದುದೂ ಅಂಥದೇ ಸಂಕಲ್ಪ. ಈ ಒಂದು ಅಂಶವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾತ್ರೆಯೆಲ್ಲವೂ ಒಂದು ಸೂತ್ರದಲ್ಲಿ ಕೋದಂತಾಗುತ್ತದೆ.

ಊರುಗಳು ಬೆಟ್ಟವನ್ನು ಏರಿ ಕುಳಿತುದೇಕೆ? ಕಾರಣಗಳು ಸರಳವಾದವು. ತಗ್ಗಿನ ಬಯಲುಗಳಲ್ಲಿ ಜೌಗು ಹೆಚ್ಚು, ಚಳಿಜ್ವರದ ಪೀಡೆ ಹೆಚ್ಚು. ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ದಂಡುಗಳ ಭಯವೂ ಸೇರಿತು. ಎತ್ತರದ ನೆಲೆ, ಸುತ್ತ ಒಂದು ಕೋಟೆಗೋಡೆ, ಬಾಗಿಲು ಮುಚ್ಚಿದರೆ ನೆಮ್ಮದಿ. ರೋಮಿಗಿಂತ ಹಿಂದೆ ಬಾಳಿದ ಎಟ್ರಸ್ಕನ್ ಜನರೇ ಇವುಗಳಲ್ಲಿ ಹಲವು ಬೆಟ್ಟಗಳನ್ನು ಆರಿಸಿಕೊಂಡಿದ್ದರು. ಹನ್ನೆರಡನೆಯ ಶತಮಾನದಿಂದ ಈಚೆಗೆ ಇಂತಹ ಒಂದೊಂದು ಊರೂ ತನ್ನನ್ನು ತಾನೇ ಆಳಿಕೊಳ್ಳುವ ಪುಟ್ಟ ಪೌರರಾಜ್ಯವಾಯಿತು. ನೆರೆಯ ಊರಿನೊಡನೆ ವ್ಯಾಪಾರದಲ್ಲಿ ಪೈಪೋಟಿ, ಯುದ್ಧದಲ್ಲಿ ಪೈಪೋಟಿ, ಕೊನೆಗೆ ದೇವಾಲಯದ ಗೋಪುರದ ಎತ್ತರದಲ್ಲಿಯೂ ಪೈಪೋಟಿ.

ಯಾತ್ರೆಯನ್ನು ಫ್ಲಾರೆನ್ಸಿನಲ್ಲಿ ಆರಂಭಿಸುವುದು ಉಚಿತ. ಇದು ಬೆಟ್ಟದ ಊರಲ್ಲ. ಆರ್ನೊ ನದಿಯ ದಡದ ನಗರ. ಇದರ ಐಶ್ವರ್ಯಕ್ಕೆ ಮೂಲ ಉಣ್ಣೆಯ ಬಟ್ಟೆ ಮತ್ತು ಸಾಹುಕಾರಿಕೆ. ಕಸುಬುದಾರರೂ ವರ್ತಕರೂ ಸೇರಿ ಕಟ್ಟಿಕೊಂಡ ಸಂಘಗಳು, ಅಂದರೆ ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಶ್ರೇಣಿಗಳೆಂದು ಕರೆಯುವಂಥವು, ಇಲ್ಲಿ ರಾಜ್ಯಭಾರವನ್ನೂ ನಡೆಸುತ್ತಿದ್ದವು. 1401ರಲ್ಲಿ ಬಟ್ಟೆವರ್ತಕರ ಶ್ರೇಣಿಯು ಊರಿನ ದೀಕ್ಷಾಸ್ನಾನಮಂದಿರಕ್ಕೆ ಕಂಚಿನ ಬಾಗಿಲುಗಳನ್ನು ಮಾಡಿಸಲು ಒಂದು ಸ್ಪರ್ಧೆಯನ್ನು ಏರ್ಪಡಿಸಿತು. ಗೆದ್ದವನು ಲೊರೆಂಜೊ ಗಿಬರ್ಟಿ ಎಂಬ ಇಪ್ಪತ್ತು ದಾಟಿದ ಯುವಕ. ಸೋತವರಲ್ಲಿ ಒಬ್ಬ ಫಿಲಿಪ್ಪೊ ಬ್ರೂನೆಲ್ಲೆಸ್ಕಿ. ಇಬ್ಬರೂ ಅಂದು ಪರೀಕ್ಷೆಗೆ ಒಪ್ಪಿಸಿದ ಫಲಕಗಳು ಬಾರ್ಜೆಲ್ಲೊ ಎಂಬ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳನ್ನು ಎದುರಿಗಿಟ್ಟು ನೋಡಿ ತೀರ್ಪು ಕೊಡುವ ಸುಖ ಇಂದಿನ ಯಾತ್ರಿಕನಿಗೂ ಉಂಟು.

ಸೋತ ಬ್ರೂನೆಲ್ಲೆಸ್ಕಿ ಬೇರೊಂದು ಕ್ಷೇತ್ರದಲ್ಲಿ ಗೆದ್ದನು. ಊರಿನ ಪ್ರಧಾನ ದೇವಾಲಯವನ್ನು 1296ರಲ್ಲಿ ಆರಂಭಿಸಿದ್ದರು. ಅದರ ಮಧ್ಯದಲ್ಲಿ ಸುಮಾರು 45 ಮೀಟರು ಅಗಲದ ಎಂಟು ಮೂಲೆಯ ಬಯಲು ತೆರೆದೇ ಇತ್ತು. ಅದನ್ನು ಮುಚ್ಚುವ ಬಗೆ ಯಾರಿಗೂ ಹೊಳೆದಿರಲಿಲ್ಲ. ಮಾಮೂಲಿನಂತೆ ನೆಲದಿಂದ ಮರದ ಆಸರೆಯನ್ನು ಎಬ್ಬಿಸಿ ಅದರ ಮೇಲೆ ಕಮಾನು ಕಟ್ಟುವುದಾದರೆ ಅಷ್ಟು ಮರವನ್ನು ತರುವುದೆಲ್ಲಿಂದ? ಬ್ರೂನೆಲ್ಲೆಸ್ಕಿಯು ಒಂದರೊಳಗೊಂದು ಎರಡು ಚಿಪ್ಪುಗಳಾಗಿ, ಇಟ್ಟಿಗೆಗಳನ್ನು ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆದು, ಪ್ರತಿಯೊಂದು ಸುತ್ತೂ ತನ್ನ ಭಾರವನ್ನು ತಾನೇ ಹೊರುವಂತೆ ಗುಮ್ಮಟವನ್ನು ಎಬ್ಬಿಸಿದನು. 1420ರಲ್ಲಿ ಆರಂಭವಾದ ಕೆಲಸ 1436ರಲ್ಲಿ ಮುಗಿಯಿತು. ಅದಕ್ಕೆ ನಲವತ್ತು ಲಕ್ಷಕ್ಕೂ ಹೆಚ್ಚು ಇಟ್ಟಿಗೆಗಳು ಹಿಡಿದುವೆಂದು ಲೆಕ್ಕ. ಇದರ ವೆಚ್ಚವನ್ನು ನಿರ್ವಹಿಸಿದುದು ಉಣ್ಣೆಯವರ ಶ್ರೇಣಿ.

ಮೈಕೆಲಾಂಜೆಲೊ 1504ರಲ್ಲಿ ಮುಗಿಸಿದ ದಾವೀದನ ವಿಗ್ರಹವನ್ನು ಎಲ್ಲಿ ನಿಲ್ಲಿಸಬೇಕೆಂಬುದನ್ನು ಆಲೋಚಿಸಲು ಆ ವರ್ಷದ ಜನವರಿಯಲ್ಲಿ ಸುಮಾರು ಮೂವತ್ತು ಮಂದಿಯ ಸಭೆ ಸೇರಿತು. ಲಿಯೊನಾರ್ಡೊ ಡ ವಿಂಚಿ ಮತ್ತು ಬೊಟಿಚೆಲ್ಲಿ ಅದರಲ್ಲಿದ್ದರು. ಅಕ್ಕಸಾಲಿಗರೂ ಮರಗೆಲಸದವರೂ ಇದ್ದರು. ಕೊನೆಗೆ ವಿಗ್ರಹವು ಪೌರಭವನದ ಬಾಗಿಲಿನಲ್ಲಿ ನಿಂತಿತು; 1873ರಲ್ಲಿ ಮಳೆಗಾಳಿಯಿಂದ ಕಾಪಾಡಲೆಂದು ಒಳಗಣ ಮಂದಿರಕ್ಕೆ ಹೋಯಿತು. ಈ ಸಂಪತ್ತೆಲ್ಲವೂ ಊರಿನಲ್ಲೇ ಉಳಿದಿರುವುದಕ್ಕೆ ಒಬ್ಬ ಮಹಿಳೆಗೂ ನಾವು ಋಣಿಗಳು. ಮೆಡಿಚಿ ಮನೆತನದ ಕೊನೆಯ ಕುಡಿಯಾದ ಆನ್ನಾ ಮರಿಯಾ ಲೂಯಿಸಾ 1737ರಲ್ಲಿ ಒಂದು ಒಪ್ಪಂದವನ್ನು ಬರೆಸಿ, ತಮ್ಮ ಮನೆತನ ಕೂಡಿಸಿದ ಚಿತ್ರ, ವಿಗ್ರಹ, ಗ್ರಂಥಗಳು ಯಾವುದೂ ಫ್ಲಾರೆನ್ಸನ್ನು ಬಿಟ್ಟು ಹೋಗಕೂಡದೆಂದು ಕಟ್ಟುಮಾಡಿದಳು. ರಾಜ್ಯವು ಬೇರೆ ವಂಶಕ್ಕೆ ಹೋಯಿತು. ಕಲೆ ಊರಿಗೆ ಉಳಿಯಿತು.

ಫ್ಲಾರೆನ್ಸಿನಿಂದ ತೆಂಕಣಕ್ಕೆ ಹೊರಟರೆ ದ್ರಾಕ್ಷಿತೋಟಗಳ ನಡುವೆ ಮಾಂಟೆಗುಫೋನಿ ಎಂಬ ಹಳೆಯ ಕೋಟೆಮನೆ ಸಿಕ್ಕುತ್ತದೆ. ಕನ್ನಡಿಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ಲಾರೆನ್ಸಿನ ಚಿತ್ರಶಾಲೆಯ ಅಧಿಕಾರಿಗಳು ಬಾಂಬಿನ ಭಯದಿಂದ ತಮ್ಮ ಚಿತ್ರಗಳನ್ನು ಹಳ್ಳಿಗಾಡಿನ ಇಂತಹ ಮನೆಗಳಲ್ಲಿ ಇರಿಸಿದ್ದರು. 1944ರ ಬೇಸಗೆಯಲ್ಲಿ ಯುದ್ಧದ ಅಂಚು ಅಲ್ಲಿಗೇ ಬಂದಿತು. ಮಿತ್ರರಾಷ್ಟ್ರಗಳ ಕಡೆಯಿಂದ ಅಲ್ಲಿಗೆ ಬಂದು ಬಿಡಾರ ಮಾಡಿದವರು ಎಂಟನೆಯ ಭಾರತೀಯ ಡಿವಿಷನ್ನಿಗೆ ಸೇರಿದ ಮರಾಠಾ ಲೈಟ್ ಇನ್‌ಫೆಂಟ್ರಿಯ ಸಿಪಾಯಿಗಳು. ಆ ದಳದ ಕೇಂದ್ರಸ್ಥಾನ ಅಂದೂ ಇಂದೂ ನಮ್ಮ ಬೆಳಗಾವಿಯಲ್ಲಿದೆ. ಗೋಡೆಗೆ ಒರಗಿಸಿಟ್ಟಿದ್ದ ಚಿತ್ರಗಳ ನಡುವೆ ಬೊಟಿಚೆಲ್ಲಿಯ ‘ವಸಂತ’ವಿತ್ತು, ಜೊತ್ತೊ ಬರೆದ ಮೇರಿಮಾತೆಯ ಚಿತ್ರವಿತ್ತು. ಫಿರಂಗಿ ಮೊಳಗುತ್ತಿದ್ದಾಗ ಇವುಗಳಿಗೆ ಕಾವಲು ನಿಂತವರು ನಮ್ಮ ನಾಡಿನಲ್ಲಿ ಕವಾಯತು ಕಲಿತು ಹೋದ ಜವಾನರು. ಇಂದು ಫ್ಲಾರೆನ್ಸಿನಲ್ಲಿ ‘ವಸಂತ’ದ ಮುಂದೆ ನಿಲ್ಲುವ ನಮ್ಮವರು ಇದನ್ನು ಮರೆಯಬಾರದು.

ಮುಂದಿನದು ಸಾನ್ ಜಿಮಿನ್ಯಾನೊ. ದೂರದಿಂದಲೇ ಇದರ ಗೋಪುರಗಳು ಕಾಣುತ್ತವೆ. ಒಂದು ಕಾಲದಲ್ಲಿ ಎಪ್ಪತ್ತಕ್ಕೂ ಹೆಚ್ಚಾಗಿದ್ದ ಇವುಗಳಲ್ಲಿ ಈಗ ಉಳಿದಿರುವುವು ಹದಿನಾಲ್ಕು. ಇವು ದೇವರ ಗೋಪುರಗಳಲ್ಲ. ಧನಿಕ ಮನೆತನಗಳು ಒಂದನ್ನೊಂದು ಮೀರಿಸಬೇಕೆಂದು ಕಟ್ಟಿದ ಹಮ್ಮಿನ ಗೋಪುರಗಳು. ರೋಮಿಗೆ ಹೋಗುವ ಯಾತ್ರಿಕರ ದಾರಿಯಲ್ಲಿದ್ದುದರಿಂದಲೂ ಕೇಸರಿಯ ವ್ಯಾಪಾರದಿಂದಲೂ ಊರಿಗೆ ಹಣ ಬಂದಿತ್ತು. ಖಾಸಗಿಯವರ ಗೋಪುರವು ಪೌರಸಭೆಯ ಗೋಪುರಕ್ಕಿಂತ ಎತ್ತರವಾಗಿರಕೂಡದೆಂದು 1255ರಲ್ಲಿ ಶಾಸನ ಮಾಡಬೇಕಾಯಿತು. 1348ರ ಮಹಾಮಾರಿ ಊರನ್ನು ಬರಿದುಮಾಡಿತು. 1353ರಲ್ಲಿ ಅದು ಫ್ಲಾರೆನ್ಸಿಗೆ ಶರಣಾಯಿತು. ಆಮೇಲೆ ಹೊಸದಾಗಿ ಕಟ್ಟಲು ಹಣವಿಲ್ಲದ ಕಾರಣ ಹಳೆಯದು ಹಾಗೆಯೇ ನಿಂತಿತು. ಬಡತನವೂ ಕೆಲವೊಮ್ಮೆ ಒಳ್ಳೆಯ ಕಾವಲುಗಾರನೆಂಬುದಕ್ಕೆ ಈ ಊರು ಸಾಕ್ಷಿ.

ಈಗ ಸಿಯೆನಾ. ಯಾತ್ರೆಯಲ್ಲಿ ಒಂದೇ ಊರನ್ನು ನೋಡಲು ಅವಕಾಶವುಂಟೆಂದರೆ ಇದನ್ನೇ ನೋಡಬೇಕೆಂದು ಹೇಳುತ್ತೇನೆ. ಮೂರು ದಿಣ್ಣೆಗಳು ಕೂಡುವ ತಗ್ಗಿನಲ್ಲಿ ಚಿಪ್ಪಿನಾಕಾರದ ಒಂದು ದೊಡ್ಡ ಬಯಲು. ಇಟ್ಟಿಗೆ ಹಾಸಿದ ಆ ಬಯಲನ್ನು ಕಲ್ಲಿನ ಗೆರೆಗಳು ಒಂಬತ್ತು ಭಾಗವಾಗಿ ಸೀಳುತ್ತವೆ. 1287ರಿಂದ 1355ರವರೆಗೆ ಊರನ್ನು ಆಳಿದ ಒಂಬತ್ತು ಮಂದಿಯ ಮಂಡಲಿಯ ನೆನಪು ಅದು. ಹತ್ತಿರದಲ್ಲಿ ನದಿಯಿಲ್ಲದ ಈ ಊರಿಗೆ ನೀರು ತರಲು ಬೆಟ್ಟದೊಳಗೆ ಸುಮಾರು 25 ಕಿಲೋಮೀಟರು ಉದ್ದದ ಸುರಂಗಗಳನ್ನು ತೋಡಿದರು. 1311ರ ಜೂನ್ 9ರಂದು, ದುಚ್ಚೊ ಎಂಬ ಚಿತ್ರಕಾರನು ಬರೆದು ಮುಗಿಸಿದ ಮೇರಿಮಾತೆಯ ಮಹಾಫಲಕವನ್ನು ಅವನ ಕಾರ್ಯಶಾಲೆಯಿಂದ ಪ್ರಧಾನ ದೇವಾಲಯದವರೆಗೆ, ಅಂಗಡಿಗಳನ್ನೆಲ್ಲ ಮುಚ್ಚಿ, ವಾದ್ಯಗಳೊಡನೆ ಮೆರವಣಿಗೆಯಲ್ಲಿ ಕೊಂಡೊಯ್ದರು. ಚಿತ್ರವೊಂದು ಬರೆದು ಮುಗಿದುದು ಒಂದು ಊರಿಗೆಲ್ಲ ಹಬ್ಬವಾಗಿದ್ದ ಕಾಲ ಅದು.

ಪೌರಭವನದಲ್ಲಿ ಆ ಒಂಬತ್ತು ಮಂದಿ ಕುಳಿತು ಆಲೋಚಿಸುತ್ತಿದ್ದ ಕೊಠಡಿಯಿದೆ. 1338–39ರಲ್ಲಿ ಅಂಬ್ರೋಜೊ ಲೊರೆಂಜೆಟ್ಟಿ ಅದರ ಮೂರು ಗೋಡೆಗಳ ಮೇಲೆ ಸುರಾಜ್ಯ, ದುರಾಜ್ಯಗಳ ಚಿತ್ರಗಳನ್ನು ಬರೆದನು. ಒಂದು ಗೋಡೆಯಲ್ಲಿ ನ್ಯಾಯದೇವತೆ; ಆಕೆಯ ತಕ್ಕಡಿಯಿಂದ ಎರಡು ಹುರಿಗಳು ಇಳಿದುಬರುತ್ತವೆ. ಕೆಳಗೆ ಕುಳಿತ ಸೌಹಾರ್ದದೇವತೆ ಅವೆರಡನ್ನೂ ಒಂದಾಗಿ ಹಿಡಿದಿದ್ದಾಳೆ. ಆಕೆಯ ತೊಡೆಯ ಮೇಲೆ ಬಡಗಿಗಳು ಮರವನ್ನು ನಯಮಾಡುವ ಹತ್ತರಿ; ಪೌರರಲ್ಲಿರುವ ಉಬ್ಬುತಗ್ಗುಗಳನ್ನು ಸಮಮಾಡುವುದು ಅದರ ಕೆಲಸ. ಆ ಹುರಿಯು ಇಪ್ಪತ್ತನಾಲ್ಕು ಮಂದಿ ಪೌರರ ಕೈಯಿಂದ ಕೈಗೆ ಸಾಗಿ, ಪೌರರಾಜ್ಯವನ್ನೇ ಪ್ರತಿನಿಧಿಸುವ ವೃದ್ಧಪುರುಷನ ಕೈಯನ್ನು ಸೇರುತ್ತದೆ. ಪ್ರಜೆಗಳ ಕೈಯಲ್ಲಿ ಹುರಿ. ಅದಕ್ಕೆ ಕಟ್ಟುಬಿದ್ದವನು ಆಳುವವನು. ಪಕ್ಕದ ಗೋಡೆಯಲ್ಲಿ ಒಳ್ಳೆಯ ಆಡಳಿತದ ಫಲ: ಮನೆ ಕಟ್ಟುವ ಗಾರೆಯವರು, ಜೋಡುಗಳ ಅಂಗಡಿ, ಪಾಠ ಹೇಳುವ ಉಪಾಧ್ಯಾಯ, ಬೀದಿಯಲ್ಲಿ ನರ್ತನ, ಕೋಟೆಯಾಚೆ ಉಳುವ ರೈತರು. ಎದುರು ಗೋಡೆಯಲ್ಲಿ ಕೊಂಬುಳ್ಳ ದುಷ್ಟ ಪ್ರಭು, ಅವನ ಕಾಲಡಿಯಲ್ಲಿ ಕಟ್ಟಿ ಕೆಡವಿದ ನ್ಯಾಯದೇವತೆ, ಪಾಳುಬಿದ್ದ ಬೀದಿಗಳು; ಆ ಊರಿನಲ್ಲಿ ನಡೆಯುವ ಕಸುಬು ಆಯುಧ ಮಾಡುವುದೊಂದೇ.

ಇದನ್ನು ಬರೆದು ಹತ್ತು ವರ್ಷ ಕಳೆಯುವುದರೊಳಗೆ, 1348ರಲ್ಲಿ, ಮಹಾಮಾರಿ ಸಿಯೆನಾವನ್ನು ಹೊಕ್ಕಿತು. ಜನರಲ್ಲಿ ಅರ್ಧದಷ್ಟು ಅಥವಾ ಅದಕ್ಕೂ ಹೆಚ್ಚು ಮಂದಿ ಅಳಿದರೆಂದು ಇತಿಹಾಸಜ್ಞರ ಅಂದಾಜು; ಅಂಬ್ರೋಜೊ ಮತ್ತು ಅವನ ಅಣ್ಣ ಪಿಯೆತ್ರೊ ಅದರಲ್ಲೇ ತೀರಿಕೊಂಡರೆಂದು ನಂಬಿಕೆ. ಆಗ ಸಿಯೆನಾದವರು ತಮ್ಮ ಪ್ರಧಾನ ದೇವಾಲಯವನ್ನು ಬಹುವಾಗಿ ವಿಸ್ತರಿಸುವ ಕೆಲಸಕ್ಕೆ ಕೈಹಾಕಿದ್ದರು. ಅದು ನಿಂತುಹೋಯಿತು. ಚಾವಣಿಯಿಲ್ಲದೆ ಆಕಾಶಕ್ಕೆ ಎದ್ದಿರುವ ಆ ದೊಡ್ಡ ಗೋಡೆಯನ್ನು ಇಂದೂ ಹತ್ತಿ ನೋಡಬಹುದು. ದುಚ್ಚೊನ ಮಹಾಫಲಕದ ಗತಿಯೂ ವಿಷಾದಕರವಾದುದೇ. 1771ರಲ್ಲಿ ಅದನ್ನು ಗರಗಸದಿಂದ ಬೇರ್ಪಡಿಸಿದರು. ಅದರ ಕೆಲವು ತುಂಡುಗಳು ಇಂದು ಲಂಡನ್, ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳಲ್ಲಿ ಚೆದರಿವೆ. ಫ್ಲಾರೆನ್ಸಿನ ಒಪ್ಪಂದದಂಥದು ಇಲ್ಲದುದರ ಫಲವೇನೆಂಬುದನ್ನು ಇದರಿಂದ ತಿಳಿಯಬಹುದು. ಆದರೂ ಸಿಯೆನಾದ ಹಳೆಯ ಒಗ್ಗಟ್ಟು ಸತ್ತಿಲ್ಲ. ಊರಿನ ಹದಿನೇಳು ಕೇರಿಗಳು ತಮ್ಮ ತಮ್ಮ ಬಾವುಟಗಳೊಡನೆ ಇಂದಿಗೂ ಜೀವಂತವಾಗಿವೆ. ಪ್ರತಿವರ್ಷ ಜುಲೈ 2ರಂದು ಮತ್ತು ಆಗಸ್ಟ್ 16ರಂದು ಆ ಬಯಲಿನಲ್ಲಿ ಅವುಗಳ ಕುದುರೆಯ ಪಂದ್ಯ ನಡೆಯುತ್ತದೆ. ಒಂದೂವರೆ ನಿಮಿಷದ ಓಟಕ್ಕೆ ವರ್ಷವೆಲ್ಲ ಸಿದ್ಧತೆ.

ಅಲ್ಲಿಂದ ಅಂಬ್ರಿಯಾದ ಕಡೆಗೆ ತಿರುಗಿದರೆ ಮೊದಲು ದೊರೆಯುವುದು ಓರ್ವಿಯೆಟೊ. ಕಡಿದಾದ ಬಂಡೆಯ ಮೇಲೆ ಹಾಸಿದಂತಿರುವ ಊರು. 1290ರಲ್ಲಿ ಆರಂಭವಾದ ಇದರ ದೇವಾಲಯದ ಮುಖಭಾಗದ ಶಿಲ್ಪವೂ, ಒಳಗೆ ಸಿನ್ಯೊರೆಲ್ಲಿಯು 1499ರಿಂದ 1504ರವರೆಗೆ ಬರೆದ ಅಂತಿಮತೀರ್ಪಿನ ಚಿತ್ರಗಳೂ ಪ್ರಸಿದ್ಧವಾದುವು. ಆದರೆ ಇಲ್ಲಿನ ಬಾವಿಯನ್ನು ಬಿಡಬಾರದು. 1527ರಲ್ಲಿ ರೋಮ್ ಸೂರೆಯಾದಾಗ ಪೋಪ್ ಏಳನೆಯ ಕ್ಲೆಮೆಂಟ್ ಇಲ್ಲಿಗೆ ಓಡಿಬಂದು, ಮುತ್ತಿಗೆಯಾದರೆ ನೀರಿಗೆ ತೊಂದರೆಯಾಗಬಾರದೆಂದು ಐವತ್ತು ಮೀಟರಿಗೂ ಮೀರಿದ ಆಳದ ಬಾವಿಯನ್ನು ತೋಡಿಸಿದನು. ಅದರ ಸುತ್ತ ಸುರುಳಿಯಾಗಿ ಎರಡು ದಾರಿಗಳು, ಒಂದೊಂದಕ್ಕೆ 248 ಮೆಟ್ಟಿಲು. ನೀರು ಹೊರುವ ಹೇಸರಗತ್ತೆಗಳು ಒಂದರಲ್ಲಿ ಇಳಿದು, ಎದುರಾಗದೆ, ಇನ್ನೊಂದರಲ್ಲಿ ಏರುತ್ತಿದ್ದವು. ಸಮೀಪದಲ್ಲೇ ಚಿವಿತಾ ಎಂಬ ಪುಟ್ಟ ಊರು. ಅದರ ಬಂಡೆಯ ಕೆಳಗಣ ಜೇಡಿಮಣ್ಣು ಕರಗಿ ಊರು ಅಂಚಿನಿಂದ ಉದುರುತ್ತಿದೆ. ಕಾಲ್ಸೇತುವೆಯೊಂದೇ ದಾರಿ. ಉಳಿದಿರುವ ನಿವಾಸಿಗಳು ಬೆರಳೆಣಿಕೆಯಷ್ಟು. ನೋಡಲು ಬರುವವರು ವರ್ಷಕ್ಕೆ ಲಕ್ಷಗಟ್ಟಲೆ. 2013ರಿಂದ ಊರನ್ನು ಪ್ರವೇಶಿಸಲು ಹಣ ತೆರಬೇಕು.

ಪೆರೂಜಾ ಅಂಬ್ರಿಯಾದ ರಾಜಧಾನಿ. ಅದರ ಚೌಕದ ನಡುವೆ 1278ರಲ್ಲಿ ಮುಗಿದ ದೊಡ್ಡ ಕಾರಂಜಿ. ನಿಕೊಲಾ ಪಿಸಾನೊ ಮತ್ತು ಅವನ ಮಗ ಜೊವಾನಿ ಅದರ ತೊಟ್ಟಿಯ ಸುತ್ತ ಹನ್ನೆರಡು ತಿಂಗಳುಗಳ ಬೇಸಾಯದ ಕೆಲಸಗಳನ್ನು ಕೆತ್ತಿದರು. ದೂರದ ಬೆಟ್ಟದಿಂದ ಊರಿಗೆ ನೀರು ತಂದ ಸಾಧನೆಯನ್ನು ಪೌರರು ಹೀಗೆ ಕಲ್ಲಿನಲ್ಲಿ ಕೊಂಡಾಡಿದರು. ಕಣಿವೆಯಾಚೆ ಅಸ್ಸಿಸಿ, ಸಂತ ಫ್ರಾನ್ಸಿಸನ ಊರು. ಬಟ್ಟೆವರ್ತಕನ ಮಗನಾಗಿ ಹುಟ್ಟಿ ಸರ್ವವನ್ನೂ ತೊರೆದ ಆ ಮಹಾತ್ಮನು 1226ರಲ್ಲಿ ತೀರಿಕೊಂಡನು. ಎರಡೇ ವರ್ಷದಲ್ಲಿ ಅವನ ಸಮಾಧಿಯ ಮೇಲೆ ಭವ್ಯ ದೇವಾಲಯ ಏಳತೊಡಗಿತು. ಅದರ ಗೋಡೆಗಳ ಮೇಲೆ ಅವನ ಜೀವನದ 28 ಸನ್ನಿವೇಶಗಳ ಚಿತ್ರಗಳಿವೆ; ಜೊತ್ತೊನವೆಂದು ಪರಂಪರೆ, ಅಲ್ಲವೆನ್ನುವ ವಿದ್ವಾಂಸರೂ ಉಂಟು. 1997ರ ಸೆಪ್ಟೆಂಬರ್ 26ರಂದು ಭೂಕಂಪದಿಂದ ಚಾವಣಿಯ ಭಾಗಗಳು ಕುಸಿದು ನಾಲ್ವರು ಮೃತಪಟ್ಟರು. ನೆಲಕ್ಕೆ ಬಿದ್ದ ಚಿತ್ರಗಳ ಅಸಂಖ್ಯಾತ ಚೂರುಗಳನ್ನು ಆರಿಸಿ, ಬಣ್ಣ ನೋಡಿ ವಿಂಗಡಿಸಿ, ಸಾಧ್ಯವಾದಷ್ಟನ್ನು ಮತ್ತೆ ಜೋಡಿಸಿದರು. ಎರಡು ವರ್ಷಗಳ ತರುವಾಯ ದೇವಾಲಯದ ಬಾಗಿಲು ತೆರೆಯಿತು.

ಪೆರೂಜಾದಿಂದ ಟೈಬರ್ ನದಿಯ ಮೇಲ್ಕಣಿವೆಯಲ್ಲಿ ಬಡಗಣಕ್ಕೆ ಹೋದರೆ ಮಾಂಟೋನೆ ಎಂಬ ಗಿರಿಪಟ್ಟಣ. 1944ರ ಜುಲೈ 10ರಂದು ಈ ಕಣಿವೆಯಲ್ಲಿ ಮರಾಠಾ ಲೈಟ್ ಇನ್‌ಫೆಂಟ್ರಿಯ ನಾಯಕ್ ಯಶವಂತ ಘಾಡ್ಗೆ, ಸಂಗಡಿಗರೆಲ್ಲರೂ ಸತ್ತೋ ಗಾಯಗೊಂಡೋ ಬಿದ್ದ ಮೇಲೆ, ಒಬ್ಬನೇ ಶತ್ರುವಿನ ಯಂತ್ರಕೋವಿಯ ಮೇಲೆ ನುಗ್ಗಿ ಅದನ್ನು ಅಡಗಿಸಿ ಪ್ರಾಣಬಿಟ್ಟನು. ಅವನಿಗೆ ವಿಕ್ಟೋರಿಯಾ ಕ್ರಾಸ್ ಸಂದಿತು. 2023ರಲ್ಲಿ ಊರಿನವರು ಅವನ ಹೆಸರಿನಲ್ಲಿ ನೆರಳುಗಡಿಯಾರದ ಸ್ಮಾರಕವೊಂದನ್ನು ನಿಲ್ಲಿಸಿದರು. ಇಟಲಿಯ ನೆಲದಲ್ಲಿ ಹೋರಾಡಿದ ಭಾರತೀಯರು ಸುಮಾರು 50,000. ಮಡಿದವರು ಐದು ಸಾವಿರಕ್ಕೂ ಹೆಚ್ಚು. ಅದೇ ಕಣಿವೆಯ ತುದಿಯಲ್ಲಿ ಸಾನ್‌ಸೆಪೊಲ್ಕ್ರೊ. ಅಲ್ಲಿನ ಹಳೆಯ ಪೌರಭವನದ ಗೋಡೆಯ ಮೇಲೆ ಪಿಯೆರೊ ಡೆಲ್ಲ ಫ್ರಾಂಚೆಸ್ಕಾ ಬರೆದ ಕ್ರಿಸ್ತನ ಪುನರುತ್ಥಾನದ ಚಿತ್ರವಿದೆ. ಆಲ್ಡಸ್ ಹಕ್ಸ್ಲಿ 1925ರಲ್ಲಿ ಅಚ್ಚಾದ ಲೇಖನವೊಂದರಲ್ಲಿ ಅದನ್ನು ಜಗತ್ತಿನ ಅತ್ಯುತ್ತಮ ಚಿತ್ರವೆಂದು ಹೊಗಳಿದ್ದನು. 1944ರಲ್ಲಿ ಆ ಊರಿನ ಮೇಲೆ ಗುಂಡು ಹಾರಿಸುತ್ತಿದ್ದ ಆಂಟನಿ ಕ್ಲಾರ್ಕ್ ಎಂಬ ಬ್ರಿಟಿಷ್ ಅಧಿಕಾರಿಗೆ ತಾನು ಹಿಂದೆ ಓದಿದ ಆ ಲೇಖನ ನೆನಪಿಗೆ ಬಂದಿತು. ಅವನು ಫಿರಂಗಿಗಳನ್ನು ನಿಲ್ಲಿಸಿದನು. ಸಾಹಿತ್ಯದಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದು ಒಂದು ಉತ್ತರ.

ಹೋಗುವವರಿಗೆ ಎರಡು ವ್ಯಾವಹಾರಿಕ ಸೂಚನೆಗಳು. ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳು ಹಿತಕರ. ಈ ಊರುಗಳ ಒಳಬೀದಿಗಳಿಗೆ ಹೊರಗಿನವರ ಮೋಟಾರುಗಳು ಬರುವಂತಿಲ್ಲ. ಏರುಬೀದಿಗಳಲ್ಲಿ ನಡೆಯಲು ಒಳ್ಳೆಯ ಜೋಡು ಬೇಕು. ಹಗಲಿನ ಯಾತ್ರಿಕರ ಗುಂಪು ಸಂಜೆ ಬಸ್ಸು ಹತ್ತಿ ಹೋದ ಮೇಲೆ ಊರು ತನ್ನ ನಿಜವಾದ ಮುಖವನ್ನು ತೋರಿಸುತ್ತದೆ. ಆದಕಾರಣ ಒಂದು ರಾತ್ರಿ ತಂಗುವುದು ಲೇಸು. ದಿನಕ್ಕೆ ಮೂರು ಊರು ಎಂಬ ಲೆಕ್ಕ ಬೇಡ. ಒಂದು ಗೋಡೆಯ ಮುಂದೆ ಹನ್ನೆರಡು ಮಂದಿ ಅರ್ಧ ಗಂಟೆ ನಿಂತು, ತಮ್ಮ ತಮ್ಮ ಕಣ್ಣಿಗೆ ಬಿದ್ದುದನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ, ಒಬ್ಬನೇ ಹನ್ನೆರಡು ಸಲ ಬಂದು ನೋಡಿದ ಲಾಭ ದೊರೆಯುತ್ತದೆ.

ಕಡೆಯ ಮಾತು. 1966ರ ನವೆಂಬರ್ 4ರಂದು ಆರ್ನೊ ನದಿ ಉಕ್ಕಿ ಫ್ಲಾರೆನ್ಸನ್ನು ಮುಳುಗಿಸಿದಾಗ, ಚಿಮಾಬೂಯೆ ಬರೆದ ಮಹಾಶಿಲುಬೆಯ ಬಣ್ಣದಲ್ಲಿ ಅರ್ಧಕ್ಕಿಂತ ಹೆಚ್ಚು ನೀರುಪಾಲಾಯಿತು. ಕೆಸರಿನಲ್ಲಿ ಹೂತ ಗ್ರಂಥಗಳನ್ನೂ ಚಿತ್ರಗಳನ್ನೂ ಎತ್ತಲು ದೇಶವಿದೇಶಗಳಿಂದ ತರುಣರು ತಾವಾಗಿಯೇ ಬಂದರು. ಊರಿನವರು ಅವರನ್ನು ಕೆಸರಿನ ದೇವದೂತರೆಂದು ಕರೆದರು. ಇಂದು ಈ ಊರುಗಳಿಗೆ ಬಂದಿರುವ ಕಷ್ಟ ಬೇರೆ ಬಗೆಯದು. ಮನೆಗಳು ಯಾತ್ರಿಕರ ಬಿಡಾರಗಳಾಗಿ, ಬಾಡಿಗೆ ಏರಿ, ಊರಿನ ಮಕ್ಕಳೇ ಊರನ್ನು ಬಿಟ್ಟು ಹೋಗುತ್ತಿದ್ದಾರೆ. ಗೋಡೆಯ ಮೇಲಣ ಚಿತ್ರ ಉಳಿದು, ಅದನ್ನು ತಮ್ಮದೆಂದು ಹೇಳುವ ಜನ ಉಳಿಯದೆ ಹೋದರೆ, ಉಳಿದುದು ಬರಿಯ ಬಣ್ಣವಷ್ಟೆ. ಚಿವಿತಾ ಬಂಡೆಯಿಂದ ಉದುರುತ್ತಿದೆ; ಉಳಿದ ಊರುಗಳು ಹಾಗೆ ಉದುರದಿರಬೇಕಾದರೆ ಹುರಿಯನ್ನು ಹಿಡಿಯುವ ಪೌರರು ಬೇಕು. ಹೊರಗಿನಿಂದ ಹೋಗುವ ನಾವು ಮಾಡಬಹುದಾದುದು ಸ್ವಲ್ಪವೇ: ಅವಸರವಿಲ್ಲದೆ ಹೋಗುವುದು, ಊರಿನವರ ಅಂಗಡಿಯಲ್ಲಿ ಕೊಳ್ಳುವುದು, ಅವರ ಮನೆಯ ಅಂಗಳವನ್ನು ಸಂತೆಯಾಗಿ ಮಾಡದಿರುವುದು. ಸಿಯೆನಾದ ಗೋಡೆಯ ಚಿತ್ರವನ್ನು ಗಮನವಿಟ್ಟು ನೋಡಿದವರಿಗೆ ಇಷ್ಟನ್ನು ಯಾರೂ ಬೇರೆಯಾಗಿ ಹೇಳಬೇಕಾಗಿಲ್ಲ.